ದಂಡಿನಲ್ಲಿದ್ದ ಅಜ್ಜನ ಶೋಧ

ಕಲಬುರಗಿಯ ಪೇಟೆಯಲ್ಲಿ ಅಂಗಡಿಗಳ ಫಲಕಗಳನ್ನಾಗಲಿ, ಶಾಲೆಯ ಹಾಜರಿಪಟವನ್ನಾಗಲಿ, ಮತದಾರರ ಯಾದಿಯನ್ನಾಗಲಿ ಓದುತ್ತ ಹೋದವರಿಗೆ ಒಂದು ಸಂಗತಿಯು ಕಣ್ಣಿಗೆ ಬೀಳದೆ ಇರಲಾರದು. ಜಮಾದಾರ, ಹವಾಲದಾರ, ಸುಬೇದಾರ, ಕಿಲ್ಲೇದಾರ, ಶಿಲೇದಾರ, ನಾಯಕೋಡಿ, ತಳವಾರ ಮುಂತಾದ ಅಡ್ಡಹೆಸರುಗಳು ಅನೇಕ ಮನೆತನಗಳಿಗೆ ಅಂಟಿಕೊಂಡಿವೆ. ಇವುಗಳಲ್ಲಿ ಕೆಲವಂತೂ ಹಿಂದೂಗಳಲ್ಲಿಯೂ ಉಂಟು, ಮುಸಲ್ಮಾನರಲ್ಲಿಯೂ ಉಂಟು. ಇವೆಲ್ಲವೂ ಒಂದು ಕಾಲಕ್ಕೆ ದಂಡಿನ, ಕೋಟೆಯ ಅಥವಾ ಊರಕಾವಲಿನ ಹುದ್ದೆಗಳು. ಹುದ್ದೆ ಹೋಯಿತು, ಸರಕಾರ ಹೋಯಿತು, ಹೆಸರು ಉಳಿಯಿತು. ಆದರೆ ಆ ಹೆಸರನ್ನು ಗಳಿಸಿದ ಮುತ್ತಜ್ಜನು ಯಾವ ಫೌಜಿನಲ್ಲಿದ್ದನು, ಯಾರ ಅನ್ನವನ್ನುಂಡು ಯಾರ ಮೇಲೆ ಕಾದಿದನು, ಎಲ್ಲಿ ಮಡಿದನು ಎಂದು ಆ ಮನೆಯವರನ್ನೇ ಕೇಳಿದರೆ, ‘ನಿಜಾಮನ ಕಾಲದಾಗ ದಂಡಿನ್ಯಾಗ ಇದ್ದರಂತ’ ಎಂಬ ಒಂದು ಮಾತಿನ ಹೊರತು ಬೇರೆ ಉತ್ತರವು ಸಿಗುವದು ವಿರಳ. ಕಲಬುರಗಿಯಿಂದ ಹುಮನಾಬಾದದ ಹಾದಿಯಲ್ಲಿರುವ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದಲ್ಲಿಯೂ ಸ್ಥಿತಿಯು ಬೇರೆಯಲ್ಲ.

ಈಗೀಗ ಕಲಿತ ತರುಣರು ಈ ಪ್ರಶ್ನೆಯನ್ನು ಎತ್ತತೊಡಗಿರುವದನ್ನು ನಾವು ಸಂತೋಷದಿಂದ ಗಮನಿಸುತ್ತೇವೆ. ಇದು ಬರಿಯ ಕುತೂಹಲದ ಮಾತಲ್ಲ. ಕಲಬುರಗಿಯ ಕೋಟೆಯೊಳಗೆ ತಲೆತಲಾಂತರದಿಂದ ಮನೆ ಕಟ್ಟಿಕೊಂಡು ಇರುವ ಕುಟುಂಬಗಳಿಗೂ ಪುರಾತತ್ವ ಇಲಾಖೆಗೂ ತೆರವಿನ ವಿಷಯವಾಗಿ ವ್ಯಾಜ್ಯ ನಡೆದುದನ್ನು ವಾಚಕರು ಬಲ್ಲರು. ಇನಾಮು ಜಮೀನಿನ ವಾದಗಳಲ್ಲಿ ಇಂದಿಗೂ ಅಜ್ಜನ ಚಾಕರಿಯ ಕಾಗದವೇ ಆಧಾರವಾಗಿ ಬರುವದುಂಟು. ಇವೆರಡಕ್ಕಿಂತ ಸೂಕ್ಷ್ಮವಾದ ಮೂರನೆಯ ಸಂಗತಿಯೂ ಇದೆ: ‘ನೀವು ಎಲ್ಲಿಂದ ಬಂದವರು?’ ಎಂಬ ಪ್ರಶ್ನೆಯನ್ನು ಈ ನೆಲದಲ್ಲಿಯೇ ಹುಟ್ಟಿ ಬೆಳೆದವರಿಗೆ ಕೇಳುವ ಚಟವು ನಮ್ಮಲ್ಲಿ ಹೆಚ್ಚುತ್ತಿದೆ. ಕಾಗದವನ್ನು ನೋಡದೆ ಕೇಳುವ ಈ ಪ್ರಶ್ನೆಗೆ ಕಾಗದವನ್ನು ನೋಡಿಯೇ ಉತ್ತರ ಕೊಡಬೇಕಾಗಿದೆ.

ಮೊದಲು ಹೆಸರನ್ನೇ ಪರೀಕ್ಷಿಸೋಣ. ಹೆಸರು ಮೊದಲನೆಯ ದಾಖಲೆ, ಆದರೆ ನಂಬಲು ಅರ್ಹವಾದ ದಾಖಲೆಯಲ್ಲ. ಜಮಾದಾರನೆಂದರೆ ಕಂಪನಿಯ ಪಲ್ಟಣದಲ್ಲಿ ಸುಬೇದಾರನ ಕೆಳಗಿನ ದೇಶೀ ಅಧಿಕಾರಿ. ಹೈದರಾಬಾದಿನಲ್ಲಿ ಹದ್ರಮೌತದಿಂದ ಬಂದ ಅರಬ ತುಕಡಿಗಳ ನಾಯಕನಿಗೂ ಜಮಾದಾರನೆಂದೇ ಹೆಸರು. ಕಚೇರಿಯಲ್ಲಿ ಬಾಗಿಲು ಕಾಯುವವರ ಮೇಲಿನವನೂ ಜಮಾದಾರನೇ. ಮೂವರ ಮೊಮ್ಮಕ್ಕಳೂ ಇಂದು ಒಂದೇ ಅಡ್ಡಹೆಸರಿನಿಂದ ಕರೆಯಿಸಿಕೊಳ್ಳುತ್ತಾರೆ. ನಾಯಕೋಡಿ, ತಳವಾರರು ಊರ ಕಾವಲಿನವರು. ಪ್ರಸಂಗ ಬಂದಾಗ ದೇಸಾಯಿಯ ಅಥವಾ ದೊರೆಯ ಹಿಂದೆ ಆಯುಧ ಹಿಡಿದು ಹೋದವರು. ಅವರ ಸಂಬಳವು ಹೊಲದ ರೂಪದಲ್ಲಿದ್ದುದರಿಂದ ಅವರನ್ನು ಫೌಜಿನ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ, ಇನಾಮಿನ ಲೆಕ್ಕದಲ್ಲಿ ಹುಡುಕಬೇಕು. ಶಿಲೇದಾರನು ಸ್ವಂತ ಕುದುರೆಯನ್ನೂ ಆಯುಧವನ್ನೂ ತಂದು ಚಾಕರಿಗೆ ನಿಂತವನು. ಕುದುರೆಯಿಲ್ಲದೆ ಇನ್ನೊಬ್ಬನ ಕುದುರೆಯನ್ನೇರಿದವನು ಬಾರಗೀರನು. ಶಿಲೇದಾರನ ಮಗನು ಸಾಲದಲ್ಲಿ ಕುದುರೆಯನ್ನು ಕಳೆದುಕೊಂಡು ಬಾರಗೀರನಾಗಲು ಒಂದು ಬರಗಾಲವೇ ಸಾಕಾಗಿತ್ತು. ಮನೆಯವರು ಮಾತ್ರ ಶಿಲೇದಾರನೆಂಬ ಹೆಸರನ್ನು ಬಿಡಲಿಲ್ಲ. ಬಿಡಬೇಕಾದ ಕಾರಣವೂ ಇರಲಿಲ್ಲವೆನ್ನಿ.

ಊರಿನ ಹೆಸರಿನಲ್ಲಿಯೂ ಮೋಸವುಂಟು. ಪಟ್ಟಿಯಲ್ಲಿ ‘ಕಮಲಾಪುರ’ ಎಂದು ಕಂಡೊಡನೆ ನಮ್ಮ ಕಮಲಾಪುರವೆಂದು ಹಿಗ್ಗಬಾರದು. ಹಂಪೆಯ ಮಗ್ಗುಲಿನಲ್ಲೊಂದು ಕಮಲಾಪುರವಿದೆ. ಅದು ಮದರಾಸು ಇಲಾಖೆಗೆ ಸೇರಿದ್ದಿತು, ಅಲ್ಲಿಯ ಸಿಪಾಯಿಯು ಮದರಾಸಿನ ಪಲ್ಟಣದಲ್ಲಿ ಸಿಗುವ ಸಂಭವವೇ ಹೆಚ್ಚು. ಧಾರವಾಡದಲ್ಲೊಂದು ಕಮಲಾಪುರ, ತೆಲಂಗಾಣದ ಹುಜೂರಾಬಾದದ ಕಡೆಗೊಂದು ಕಮಲಾಪುರ. ನಮ್ಮದು ತಾಲೂಕಿನ ಸ್ಥಾನವನ್ನು ಪಡೆದುದು ತೀರ ಇತ್ತೀಚೆಗೆ. ಹಳೆಯ ಕಾಗದಗಳಲ್ಲಿ ಅದು ಗುಲಬರ್ಗಾ ತಾಲೂಕಿನ ಊರು. ಕಲಬುರಗಿ ಎಂಬ ಹೆಸರು ಜನರ ಬಾಯಲ್ಲಿ ಎಂದಿನಿಂದಲೂ ಇದ್ದರೂ ಸರಕಾರಿ ಕಾಗದಕ್ಕೆ ಅದು ಬಂದುದು 2014ರ ನವೆಂಬರ 1ರಂದು. ಅದಕ್ಕೆ ಮೊದಲು ಗುಲಬರ್ಗಾ; ಬಹಮನಿ ಅರಸರ ಕಾಲಕ್ಕೆ ಅಹಸನಾಬಾದ.

ಮೂರನೆಯ ತೊಡಕು ವರುಷದ್ದು. ಇದರಲ್ಲಿ ಓದು ಬಲ್ಲವರೂ ಎಡವುವದನ್ನು ನಾವು ಕಂಡಿದ್ದೇವೆ. ನಿಜಾಮ ಸರಕಾರದ ಕಾಗದಗಳಲ್ಲಿ ಹಿಜರಿ ಮತ್ತು ಫಸಲಿ ಎಂಬ ಎರಡು ಶಕೆಗಳು ಬರುತ್ತವೆ. ಮನೆಯ ಪೆಟ್ಟಿಗೆಯಲ್ಲಿ 1328 ಎಂಬ ವರುಷವುಳ್ಳ, ಚಾಕರಿಯಿಂದ ಬಿಡುಗಡೆಯಾದ ಉರ್ದೂ ಕಾಗದವೊಂದು ದೊರೆಯಿತೆನ್ನೋಣ. ಅದನ್ನು ಹಿಜರಿಯೆಂದು ಓದಿದರೆ 1910ನೆಯ ಇಸವಿಯಾಗುವದು. ಅಜ್ಜನು ಮಹಾಯುದ್ಧಕ್ಕೆ ನಾಲ್ಕು ವರುಷ ಮೊದಲೇ ಮನೆಗೆ ಬಂದನೆಂದಾಗುವದು. ಫಸಲಿಯೆಂದು ಓದಿದರೆ 1918-19 ಆಗುವದು. ಆಗ ಅವನು ಯುದ್ಧ ಮುಗಿಸಿಕೊಂಡು ಬಂದವನು. ಒಂದೇ ಅಂಕಿಯಿಂದ ಒಬ್ಬ ಮನುಷ್ಯನ ಬಾಳುವೆಯೇ ಬೇರೆಯಾಗಿ ಬಿಡುತ್ತದೆ. ಇದನ್ನು ಬಿಡಿಸಲು ತಿಂಗಳಿನ ಹೆಸರನ್ನು ನೋಡಬೇಕು. ಮೊಹರಮ, ಸಫರ, ರಜಬ ಎಂದಿದ್ದರೆ ಹಿಜರಿ. ಆಜರ, ದೈ, ಬಹಮನ, ಇಸ್ಫಂದಾರ, ಖುರದಾದ ಎಂದು ಪಾರಸೀ ತಿಂಗಳಿದ್ದರೆ ಫಸಲಿ. ಫಸಲಿಗೆ 590ನ್ನು ಕೂಡಿಸಿದರೆ ಸುಮಾರಾಗಿ ಇಸವಿ ಸಿಗುವದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ‘ನಿಜಾಮನ ದಂಡು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ವಸ್ತುವು ನಿಜವಾಗಿ ಒಂದಾಗಿರಲೇ ಇಲ್ಲ. ಅರಬ, ರೋಹಿಲಾ, ಸಿಖ್ಖ ತುಕಡಿಗಳು ಒಂದು. ಪೈಗಾ ಅಮೀರರು ತಮ್ಮ ಜಹಗೀರಿಯ ಉತ್ಪನ್ನದಿಂದ ಸಾಕಿದ ದಂಡು ಇನ್ನೊಂದು. ಸಾಲಾರಜಂಗರ ಕಾಲದಿಂದ ಕ್ರಮಕ್ಕೆ ಬಂದ ಖಾಯಮ್ ಪಡೆ ಮತ್ತೊಂದು. ಇವುಗಳ ಹೊರಗೆ, ಹೆಸರಿಗೆ ನಿಜಾಮನದಾಗಿಯೂ ಆಳಿಕೆಯಲ್ಲಿ ಇಂಗ್ರೇಜರದಾಗಿಯೂ ಇದ್ದ ಹೈದರಾಬಾದ ಕಂಟಿಂಜೆಂಟ್ ಎಂಬ ನಾಲ್ಕನೆಯದಿತ್ತು. ರೆಸಿಡೆಂಟ ಹೆನ್ರಿ ರಸೆಲ್ಲನು 1813ರ ಸುಮಾರಿಗೆ ಕಟ್ಟಿದ ರಸೆಲ್ ಬ್ರಿಗೇಡು ಅದರ ಮೂಲ. ಅದರ ವೆಚ್ಚವನ್ನು ಹೊರಲಾರದೆ ನಿಜಾಮನು ಸಾಲದಲ್ಲಿ ಬಿದ್ದು, 1853ರ ಕರಾರಿನಲ್ಲಿ ವರ್ಹಾಡ ಪ್ರಾಂತವನ್ನೇ ಇಂಗ್ರೇಜರ ಕೈಗೆ ಒಪ್ಪಿಸಬೇಕಾಯಿತು. ತನ್ನದಲ್ಲದ ಫೌಜಿಗೆ ತನ್ನ ನಾಡನ್ನು ಬೆಲೆಯಾಗಿ ತೆತ್ತ ಅರಸರು ಲೋಕದಲ್ಲಿ ಬಹಳಿರಲಿಕ್ಕಿಲ್ಲ.

ಈ ಕಂಟಿಂಜೆಂಟಿನ ಮುಂದಿನ ಕಥೆಯೇ ನಮ್ಮ ಶೋಧಕರನ್ನು ಹೆಚ್ಚು ದಾರಿ ತಪ್ಪಿಸುವದು. 1903ರಲ್ಲಿ ಅದನ್ನು ಮುರಿದು ಹಿಂದೀ ಸೈನ್ಯದಲ್ಲಿ ಕೂಡಿಸಿದರು. ಅದರ ಆರು ಕಾಲಾಳು ಪಲ್ಟಣಗಳಿಗೆ 94ರಿಂದ 99ರ ವರೆಗಿನ ಅಂಕಿಗಳು ಬಂದವು; ಕುದುರೆಯ ರಿಸಾಲೆಗಳು 20ನೆಯ ಡೆಕ್ಕನ್ ಹಾರ್ಸ್, 29ನೆಯ ಲ್ಯಾನ್ಸರ್ಸ್, 30ನೆಯ ಲ್ಯಾನ್ಸರ್ಸ್ ಎಂದಾದವು. 1922ರಲ್ಲಿ ಕಾಲಾಳು ಪಲ್ಟಣಗಳನ್ನು ಕೂಡಿಸಿ 19ನೆಯ ಹೈದರಾಬಾದ ರೆಜಿಮೆಂಟೆಂದು ಕರೆದರು. ಅಷ್ಟರಲ್ಲಿ ಭರ್ತಿಯು ದಕ್ಷಿಣದಿಂದ ಉತ್ತರಕ್ಕೆ ಸರಿದಿತ್ತು. ಅಹೀರ, ಜಾಟ, ಕುಮಾವೂನಿಗಳೇ ಹೆಚ್ಚಾಗಿದ್ದರು. 1945ರಲ್ಲಿ ಹೈದರಾಬಾದೆಂಬ ಹೆಸರನ್ನೂ ತೆಗೆದು ಕುಮಾವೂನ್ ರೆಜಿಮೆಂಟೆಂದು ಮಾಡಿದರು. ಅದರ ಕೇಂದ್ರವು ಇಂದು ಹಿಮಾಲಯದ ಮಗ್ಗುಲಿನ ರಾಣಿಖೇತದಲ್ಲಿದೆ. ಲಿಂಗಸೂಗೂರಿನ ಅಥವಾ ಬೊಲ್ಲಾರಮ್ಮಿನ ಛಾವಣಿಯಲ್ಲಿ ಕವಾಯತು ಮಾಡಿದ ದಖನಿಯ ಸಿಪಾಯಿಯ ಪಲ್ಟಣದ ಪರಂಪರೆಯನ್ನು ಅವನ ಮರಿಮಗನು ಕುಮಾವೂನದ ಹೆಸರಿನಲ್ಲಿ ಹುಡುಕಬೇಕೆಂಬುದು ಯಾರಿಗೆ ತಾನೆ ಹೊಳೆದೀತು? ಕನ್ನಡಿಗರಾದ ನಮಗೆ ಇದರಲ್ಲಿ ಒಂದು ಸಮಾಧಾನದ ಕೊಂಡಿಯುಂಟು: ಕೊಡಗಿನ ಕೆ. ಎಸ್. ತಿಮ್ಮಯ್ಯನವರು ತಾರುಣ್ಯದಲ್ಲಿ ಚಾಕರಿ ಮಾಡಿದುದು ಇದೇ ಹೈದರಾಬಾದ ರೆಜಿಮೆಂಟಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಹ್ಮದೇಶದ ರಂಗದಲ್ಲಿ ಅದರ ಎಂಟನೆಯ ಪಲ್ಟಣವನ್ನು ನಡೆಸಿದವರು ಅವರು. ರಿಸಾಲೆಗಳಲ್ಲಿ 20 ಮತ್ತು 29ನೆಯವು 1921ರಲ್ಲಿ ಒಂದಾದವು. ದಖನಿನ ಹೆಸರನ್ನು ಇಂದಿಗೂ ಹೊತ್ತು ನಿಂತಿರುವದು ಈ ಡೆಕ್ಕನ್ ಹಾರ್ಸ್. ಕುದುರೆಯ ಬದಲು ಟ್ಯಾಂಕುಗಳನ್ನೇರಿ ಅದು 1965ರಲ್ಲಿ ಅಸಲ ಉತ್ತಾಡದ ಕದನದಲ್ಲಿ ಹೋರಾಡಿತು.

ದಂಡಿನ ಇತಿಹಾಸವೆಂದೊಡನೆ ಅಭಿಮಾನದ ಮಾತೇ ಬರಬೇಕೆಂದು ಬಯಸುವವರಿಗೆ 1858ರ ಫೆಬ್ರವರಿಯನ್ನು ನೆನಪಿಸಬೇಕು. ಸುರಪುರದ ರಾಜಾ ವೆಂಕಟಪ್ಪನಾಯಕರು ಇಂಗ್ರೇಜರ ಮೇಲೆ ಎದ್ದಾಗ ಅವರ ಬೆನ್ನಿಗೆ ನಿಂತವರು ಬೇಡರು. ಅವರನ್ನು ಅಡಗಿಸಲು ಲಿಂಗಸೂಗೂರಿನಿಂದ ಹೊರಟುದು ಇದೇ ಕಂಟಿಂಜೆಂಟಿನ ಪಡೆ. ಇಂಗ್ರೇಜರ ಕಡೆಯ ಕ್ಯಾಪ್ಟನ್ ನ್ಯೂಬೆರಿಯು ಅಲ್ಲಿ ಬಿದ್ದನು. ಕಡೆಗೆ ಸುರಪುರವೂ ಬಿದ್ದಿತು. ಸೆರೆಸಿಕ್ಕ ತರುಣ ರಾಜರು ಅದೇ ವರುಷ ತೀರಿಕೊಂಡರು; 1860ರಲ್ಲಿ ಇಂಗ್ರೇಜರು ಆ ಸಂಸ್ಥಾನವನ್ನು ನಿಜಾಮನಿಗೆ ಕಾಣಿಕೆಯಾಗಿ ಕೊಟ್ಟುಬಿಟ್ಟರು. ಇಂದು ಕಲಬುರಗಿಯಲ್ಲಿ ಒಂದೇ ಓಣಿಯಲ್ಲಿರುವ ಎರಡು ಮನೆಗಳ ಪೂರ್ವಜರು ಅಂದು ಸುರಪುರದ ಗುಡ್ಡದ ಮೇಲೊಬ್ಬ, ಕೆಳಗೊಬ್ಬ ನಿಂತಿದ್ದಿರಬಹುದು. ವೆಂಕಟಪ್ಪನಾಯಕರಲ್ಲಿ ನಮಗಿರುವ ಗೌರವವು ಎಳ್ಳಷ್ಟೂ ಕಡಿಮೆಯದಲ್ಲ. ಆದರೆ ಕೆಳಗೆ ನಿಂತಿದ್ದ ಸಿಪಾಯಿಯ ಮೊಮ್ಮಗನು ತಲೆ ತಗ್ಗಿಸಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ತಿಂಗಳ ಪಗಾರಕ್ಕಾಗಿ ಹೆಸರು ಬರೆಸಿದವನಿಗೆ ತನ್ನನ್ನು ಯಾವ ಊರಿನ ಮೇಲೆ ನಡೆಸುವರೆಂಬುದನ್ನು ಯಾರೂ ಮೊದಲು ಹೇಳಿರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಈ ಎರಡು ಕವಲುಗಳೂ ಕಡಲು ದಾಟಿದವು. 20ನೆಯ ಡೆಕ್ಕನ್ ಹಾರ್ಸಿನ ಸವಾರರು ಫ್ರಾನ್ಸದಲ್ಲಿ 1916ರ ಜುಲೈ 14ರಂದು, ಸೊಮ್ಮಿನ ಕಾಳಗದಲ್ಲಿ, ಹೈ ವುಡ್ ಎಂಬ ಅಡವಿಯ ಬಳಿ ಭರ್ಚಿಗಳನ್ನು ಹಿಡಿದು ಏರಿಹೋದರು. ಮಶಿನ್ ಗನ್ನುಗಳ ಯುದ್ಧದಲ್ಲಿ ಕುದುರೆಯ ದಾಳಿಯು ಅಪರೂಪದ ಸಂಗತಿಯಾಗಿತ್ತು. ನಿಜಾಮನ ಸ್ವಂತದ ಹೈದರಾಬಾದ ಲ್ಯಾನ್ಸರ್ಸ್ ಈಜಿಪ್ತಕ್ಕೆ ಹೋಗಿ ಮೈಸೂರು, ಜೋಧಪುರಗಳ ಸವಾರರೊಡನೆ ಒಂದೇ ಬ್ರಿಗೇಡಿನಲ್ಲಿ ಸುಯೇಜ ಕಾಲುವೆಯನ್ನೂ ಮುಂದೆ ಪ್ಯಾಲೆಸ್ಟೈನದ ರಂಗವನ್ನೂ ಕಂಡಿತು. 1918ರ ಸಪ್ಟಂಬರ 23ರಂದು ಹೈಫಾ ಪಟ್ಟಣವನ್ನು ಹಿಡಿದ ದಾಳಿಯು ಜೋಧಪುರ ಮತ್ತು ಮೈಸೂರಿನವರದು; ಬೆಂಗಳೂರಿನವರು ಅದನ್ನು ಅಭಿಮಾನದಿಂದ ನೆನೆಯುತ್ತಾರೆ, ನೆನೆಯತಕ್ಕದ್ದೇ. ಆದರೆ ದಿಲ್ಲಿಯಲ್ಲಿ ತೀನಮೂರ್ತಿ ಎಂದು ಕರೆಯಿಸಿಕೊಳ್ಳುವ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಹೈದರಾಬಾದ ಲ್ಯಾನ್ಸರ್ಸಿನದು. ಅದರ ಮುಂದೆ ನಿಂತು ‘ಇದು ನಮ್ಮದು’ ಎಂದು ಹೇಳುವ ಕಲಬುರಗಿಯವನನ್ನು ನಾವು ಈ ವರೆಗೆ ಕಂಡಿಲ್ಲ.

ಆ ಯುದ್ಧದಲ್ಲಿ ಮಡಿದವರನ್ನು ಹುಡುಕುವದು ಈಗ ಮೊದಲಿನಷ್ಟು ಕಷ್ಟವಲ್ಲ. ಫ್ರಾನ್ಸದ ನವ್ ಶಾಪೆಲ್ ಸ್ಮಾರಕದಲ್ಲಿ, ಗೋರಿಯೇ ಸಿಗದ 4,700ಕ್ಕೂ ಹೆಚ್ಚು ಹಿಂದೀ ಸೈನಿಕರ ಹೆಸರುಗಳಿವೆ. ಸುಯೇಜದ ಬಳಿ ಪೋರ್ಟ್ ತೌಫೀಕದಲ್ಲಿದ್ದ ಸ್ಮಾರಕವು 1967ರ ಯುದ್ಧದಲ್ಲಿ ಹಾಳಾದುದರಿಂದ, ಅದಕ್ಕೆ ಬದಲಾಗಿ ಕೈರೋ ಪಟ್ಟಣದ ಹೆಲಿಯೊಪೊಲಿಸದಲ್ಲಿ ಹೊಸದನ್ನು ಮಾಡಿದರು. ಬಸರೆಯ ಸ್ಮಾರಕದಲ್ಲಿ ಗೋರೆಯರ ಹೆಸರನ್ನು ಕೆತ್ತಿ, ಸಾಮಾನ್ಯ ಹಿಂದೀ ಸಿಪಾಯಿಗಳನ್ನು ಪಲ್ಟಣವಾರು ಎಣಿಕೆಗೆ ಇಳಿಸಿದುದು ಒಂದು ಕಲಂಕವೇ ಸರಿ. ಹೆಸರುಗಳು ಕಾಗದದ ಯಾದಿಯಲ್ಲಿ ಉಳಿದವು. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಆಯೋಗವು ಈ ಯಾದಿಗಳನ್ನು ಈಗ ಎಲ್ಲರಿಗೂ ತೆರೆದಿಟ್ಟಿದೆ. ಅನೇಕ ನಮೂದುಗಳಲ್ಲಿ ತಂದೆಯ ಹೆಸರೂ ಊರೂ ಸಿಗುತ್ತವೆ. ಯುದ್ಧದಿಂದ ಬದುಕಿ ಬಂದವರ ವಿಷಯದಲ್ಲಿ ಪಂಜಾಬವು ನಮಗಿಂತ ಭಾಗ್ಯಶಾಲಿ. ಅಲ್ಲಿಯ ಸರಕಾರವು ಊರೂರಿನ ಸಿಪಾಯಿಗಳ ದಫ್ತರವನ್ನು ಬರೆಯಿಸಿಟ್ಟಿತ್ತು. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದ, ಸುಮಾರು 3,20,000 ಜನರ ಆ ದಫ್ತರವು 2021ರಿಂದ ಬೆಳಕಿಗೆ ಬರತೊಡಗಿ, ಎಷ್ಟೋ ಮನೆಗಳಿಗೆ ತಮ್ಮ ಮುತ್ತಜ್ಜನನ್ನು ಮರಳಿ ಕೊಟ್ಟಿತು.

ರಾಜ್ಯದ ಮೇಲೆ ರಾಜ್ಯ ಬದಲಾದ ಸೀಮೆಯಲ್ಲಿ ಇಂಥ ಶೋಧವು ಎಲ್ಲೆಡೆಗೂ ಕಷ್ಟದ್ದೇ. ಅಮೇರಿಕದ ಟೆಕ್ಸಾಸ ಪ್ರಾಂತದಲ್ಲಿ ಸ್ಪ್ಯಾನಿಶ್ ಭಾಷೆಯ ಹಳೆಯ ನಿವಾಸಿಗಳುಂಟು. ಅವರಿಗೆ ಟೆಹಾನೋಗಳೆಂದು ಹೆಸರು. ಒಂದೇ ಮನೆಯಲ್ಲಿ ಕುಳಿತ ಹಾಗೆಯೇ ಅವರು ಸ್ಪೇನಿನ, ಮೆಕ್ಸಿಕೋದ, ಟೆಕ್ಸಾಸ ಗಣರಾಜ್ಯದ, ಸಂಯುಕ್ತ ಸಂಸ್ಥಾನಗಳ ಪ್ರಜೆಗಳಾದರು. ಅವರಲ್ಲಿ ಹ್ವಾನ್ ಸೆಗಿನ್ ಎಂಬ ನಾಯಕನು 1836ರ ಏಪ್ರಿಲ 21ರ ಸಾನ್ ಹಸಿಂತೋ ಕಾಳಗದಲ್ಲಿ ತನ್ನ ಟೆಹಾನೋ ತುಕಡಿಯೊಡನೆ ಟೆಕ್ಸಾಸದ ಸ್ವಾತಂತ್ರ್ಯಕ್ಕಾಗಿ ಕಾದಿದನು. ಹೊಸ ವಲಸೆಗಾರರು ಅವನನ್ನೇ ದ್ರೋಹಿಯೆಂದು ಶಂಕಿಸಿ ಪೀಡಿಸಲು, 1842ರಲ್ಲಿ ಮೆಕ್ಸಿಕೋಗೆ ಓಡಿ, ಅದೇ ವರುಷ ಆ ದೇಶದ ಸೈನ್ಯದೊಡನೆ ತನ್ನ ಊರಿನ ಮೇಲೆಯೇ ಬರಬೇಕಾಯಿತು. ಇಂದು ಅವನ ಹೆಸರಿನ ಊರು ಟೆಕ್ಸಾಸದಲ್ಲಿದೆ. ಅವನ ಅಸ್ಥಿಗಳನ್ನು ಮೆಕ್ಸಿಕೋದಿಂದ ತಂದು ಅಲ್ಲಿಯೇ ಇಟ್ಟಿದ್ದಾರೆ. ಟೆಹಾನೋ ಮನೆತನಗಳವರು ಎರಡೂ ಸಂಗತಿಗಳನ್ನು ಅಡಗಿಸದೆ ಬರೆದಿಡುತ್ತಾರೆ. ಅವರಿಗೆ ಆಸರೆಯಾದುದು ಬೆಹಾರ್ ದಫ್ತರ. 1717ರಿಂದ 1836ರ ವರೆಗಿನ, ಎರಡೂವರೆ ಲಕ್ಷ ಪುಟಗಳಿಗೂ ಮಿಕ್ಕ ಸ್ಪ್ಯಾನಿಶ್ ಕಾಗದಗಳನ್ನು ಟೆಕ್ಸಾಸದ ವಿಶ್ವವಿದ್ಯಾಲಯವು 1899ರಲ್ಲಿಯೇ ತನ್ನ ವಶಕ್ಕೆ ತೆಗೆದುಕೊಂಡು ಕಾಪಾಡಿತು. ಬಹುಭಾಗವನ್ನು ಇಂಗ್ರೇಜಿಗೆ ತಿರುಗಿಸುವ ಕೆಲಸವನ್ನೂ ಕೈಕೊಂಡಿತು.

ನಮ್ಮಲ್ಲಿ ಅಡಗಿಸುವ ರೂಢಿಯು ಬೆಳೆದುದಕ್ಕೆ 1948ರ ನೆರಳು ಕಾರಣ. ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ರಜಾಕಾರರು ಈ ಸೀಮೆಯಲ್ಲಿ ಮಾಡಿದ ಅತ್ಯಾಚಾರಗಳನ್ನು, ಗೋರಟೆಯ ಕೊಲೆಗಳನ್ನು ಮರೆಯುವವರು ನಾವಲ್ಲ. ಆ ಆಡಳಿತದ ವಿರುದ್ಧ ನಿಂತವರಲ್ಲಿ, ಕಮಲಾಪುರಕ್ಕೆ ಸಮೀಪದ ಮಹಾಗಾಂವದ ಚಂದ್ರಶೇಖರ ಪಾಟೀಲರಂಥವರು ನಮ್ಮ ನಾಡಿಗೆ ಭೂಷಣರು. ಕಲಬುರಗಿಯ ಕ್ರೀಡಾಂಗಣವು ಅವರ ಹೆಸರನ್ನು ಹೊತ್ತಿದೆ. ಸಪ್ಟಂಬರ 13ರಂದು ಹಿಂದೀ ಸೈನ್ಯವು ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ, ಹುಮನಾಬಾದಗಳ ಮಾರ್ಗವಾಗಿ ನಡೆಯಿತು. 17ರಂದು ನಿಜಾಮನು ಕಾಳಗವನ್ನು ನಿಲ್ಲಿಸಿದನು. 18ರಂದು ಅವನ ಸೇನಾಪತಿ ಅಲ್ ಇದ್ರೂಸನು ಜನರಲ್ ಚೌಧರಿಯವರಿಗೆ ಶರಣಾದನು. ಇಷ್ಟು ನಮ್ಮ ಮಕ್ಕಳಿಗೂ ಗೊತ್ತು. ಅದರ ಬೆನ್ನಿಗೆ ನಡೆದ ಹಿಂಸೆಯನ್ನು ವಿಚಾರಿಸಲು ಭಾರತ ಸರಕಾರವೇ ಪಂಡಿತ ಸುಂದರಲಾಲರನ್ನು ಕಳುಹಿದುದು ಅಷ್ಟಾಗಿ ಗೊತ್ತಿಲ್ಲ. ಅವರ ವರದಿಯು ಬಹುಕಾಲ ಕತ್ತಲೆಯಲ್ಲಿದ್ದು 2013ರ ಸುಮಾರಿಗೆ ಜನರಿಗೆ ದೊರೆಯಿತು. ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅದರಲ್ಲಿ ಅಂದಾಜು ಮಾಡಿದೆ. ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು, ಬೀದರ ಇನ್ನೊಂದು.

ಆ ದಿನಗಳಲ್ಲಿ ಮನೆಯ ಗೋಡೆಯ ಮೇಲೆ ತೂಗುಹಾಕಿದ ಸಮವಸ್ತ್ರದ ಭಾವಚಿತ್ರವು ಪ್ರಾಣಕ್ಕೆ ಮುಳುವಾಗಬಹುದಾಗಿತ್ತು. ಫೌಜಿನ ಸಿಪಾಯಿಗೂ ರಜಾಕಾರನಿಗೂ ಭೇದವನ್ನೆಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಮೊದಲನೆಯವನು ಸರಕಾರದ ಪಟ್ಟಿಯಲ್ಲಿದ್ದು ಪಗಾರ ಪಡೆದು ದುಡಿದವನು. ಎರಡನೆಯವನು ಒಂದು ಪಕ್ಷದ ಸ್ವಯಂಸೇವಕ ಪಡೆಯವನು. ಹೈಫಾದ ಹಾದಿಯನ್ನು ತುಳಿದು ಬಂದ ಮುದುಕನ ಬಿಲ್ಲೆಯೂ, ಪಿಂಚಣಿಯ ಪುಸ್ತಕವೂ ಆ ಭಯದಲ್ಲಿ ಬಾವಿಗೋ ಒಲೆಗೋ ಬಿದ್ದಿದ್ದರೆ ಆಶ್ಚರ್ಯವಿಲ್ಲ. ಮಕ್ಕಳು ಕೇಳುವದನ್ನು ಬಿಟ್ಟರು, ಹಿರಿಯರು ಹೇಳುವದನ್ನು ಬಿಟ್ಟರು. ಮೌನವು ಮುಸಲ್ಮಾನರ ಮನೆಗಳಲ್ಲಿ ಮಾತ್ರ ಇತ್ತೆಂದು ತಿಳಿಯಬಾರದು. ನಿಜಾಮನ ಚಾಕರಿಯಲ್ಲಿದ್ದ ಹಿಂದೂ ಮನೆತನಗಳು ಬೇರೊಂದು ಲಜ್ಜೆಯಿಂದ ಬಾಯಿ ಮುಚ್ಚಿದವು, ಕೆಲವು ಕಡೆಗೆ ಅಜ್ಜನನ್ನು ಚಳವಳಿಗಾರನನ್ನಾಗಿ ಮಾಡಿದ್ದೂ ಉಂಟು. ಈ ಎರಡನೆಯ ಜಾಣತನವು ನಿಜವಾಗಿ ಸೆರೆಮನೆ ಕಂಡವರಿಗೆ ಮಾಡುವ ಅನ್ಯಾಯವೆಂದು ನಮ್ಮ ಅಭಿಪ್ರಾಯ.

ಕಾಗದಗಳು ಎಲ್ಲಿವೆ? ಹೆಚ್ಚಿನವು ಹೈದರಾಬಾದದ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯದ ದಫ್ತರಖಾನೆಯಲ್ಲಿವೆ. ಅದರಲ್ಲಿ ಷಹಾಜಹಾನ, ಔರಂಗಜೇಬರ ಕಾಲದ ಒಂದು ಲಕ್ಷಕ್ಕೂ ಮಿಕ್ಕಿದ ಕಾಗದಗಳುಂಟು. ಅವುಗಳೊಳಗಿನ ‘ಅರ್ಜ ಒ ಚೆಹರಾ’ ಎಂಬ ಪತ್ರಗಳನ್ನು ಕುರಿತು ಎರಡು ಮಾತು ಹೇಳದೆ ಇರಲಾರೆವು. ದಂಡಿಗೆ ಸೇರಿದ ಒಬ್ಬೊಬ್ಬನ ಹೆಸರು, ತಂದೆಯ ಹೆಸರು, ಕುಲ, ಊರು, ಮೈಬಣ್ಣ, ಹುಬ್ಬು, ಮೂಗು, ಮುಖದ ಮಚ್ಚೆ, ಹಳೆಯ ಗಾಯದ ಕಲೆ, ಅವನ ಕುದುರೆಯ ಬಣ್ಣ ಮತ್ತು ಅದಕ್ಕೆ ಹಾಕಿದ ಮುದ್ರೆ, ಇಷ್ಟನ್ನೂ ಕಾರಕೂನರು ಬರೆದಿಟ್ಟರು. ಪಗಾರದ ದಿನ ಒಬ್ಬನ ಬದಲು ಇನ್ನೊಬ್ಬನು ಬಂದು ನಿಲ್ಲಬಾರದೆಂಬುದು ಉದ್ದೇಶ. ಬಾದಶಹನ ಖಜಾನೆಯ ಈ ಸಂಶಯದಿಂದಾಗಿ, ಚಿತ್ರವನ್ನು ಬರೆಸಿಕೊಳ್ಳಲು ಎಂದೂ ಶಕ್ತಿಯಿಲ್ಲದ ಬಡ ಸವಾರನ ಮುಖವು ಮುನ್ನೂರೈವತ್ತು ವರುಷಗಳ ತರುವಾಯ ನಮಗೆ ಕಾಣಸಿಗುತ್ತದೆ. ಡಾಕ್ಟರ ಯೂಸುಫ ಹುಸೇನಖಾನರು ಇವುಗಳಲ್ಲಿ ಕೆಲವನ್ನು ಆರಿಸಿ 1950 ಮತ್ತು 1958ರಲ್ಲಿ ಪ್ರಕಟಿಸಿದರು.

ಮುಂದಿನ ಕಾಲದವರಿಗೆ ಅತಿಯಾತ ಇಲಾಖೆಯ ಮುಂತಖಬುಗಳು ಅತ್ಯಂತ ಉಪಯುಕ್ತವಾದುವು. ಇನಾಮು, ಮನಸಬು, ದಿನಗೂಲಿಯ ಯೋಮಿಯಾಗಳು ಯಾರಿಗೆ ಯಾವ ಚಾಕರಿಗಾಗಿ ಬಂದವು, ಅವನ ತರುವಾಯ ಯಾರ ಹೆಸರಿಗೆ ಇಳಿದವು ಎಂಬುದನ್ನು ವಿಚಾರಣೆ ಮಾಡಿ ಬರೆದ ಪತ್ರಗಳಿವು; ಆದಕಾರಣ ವಂಶಾವಳಿಯು ಇವುಗಳಲ್ಲಿ ತಾನಾಗಿಯೇ ಸಿಗುತ್ತದೆ. 1949ರಲ್ಲಿ ಜಹಗೀರುಗಳು ರದ್ದಾಗಿ, 1952ರಲ್ಲಿ ಅತಿಯಾತ ವಿಚಾರಣೆಯ ಕಾಯಿದೆ ಬಂದ ಮೇಲೆ ಇಂಥ ಕಾಗದಗಳು ಮತ್ತೊಮ್ಮೆ ಹೊರಬಿದ್ದವು. ಆದರೆ 1956ರಲ್ಲಿ ಹೈದರಾಬಾದ ಸಂಸ್ಥಾನವು ಮೂರು ಪಾಲಾದಾಗ ಜನರು ಇತ್ತ ಬಂದರು, ದಫ್ತರದ ಬಹುಭಾಗವು ಅತ್ತ ಉಳಿಯಿತು. ಕಮಲಾಪುರದ ಗೃಹಸ್ಥನು ತನ್ನ ಮುತ್ತಜ್ಜನ ಒಂದು ಹಾಳೆಗಾಗಿ ಬೇರೆ ರಾಜ್ಯದ ಕಚೇರಿಯಲ್ಲಿ ಅರ್ಜಿ ಹಿಡಿದು ನಿಲ್ಲಬೇಕಾಗಿದೆ. ಕೈಗೆ ಸಿಕ್ಕ ಮೇಲೆಯೂ ಓದುವವರು ಬೇಕಲ್ಲವೆ? ಸುಮಾರು 1880ರ ದಶಕದ ವರೆಗಿನ ಸರಕಾರಿ ಬರಹವು ಪಾರಸೀ, ಅಲ್ಲಿಂದ ಈಚೆಗೆ ಉರ್ದೂ. ಊರ ಲೆಕ್ಕಗಳು ಎಷ್ಟೋ ಕಡೆಗೆ ಮೋಡಿ. ಶಿಕಸ್ತ ಅಕ್ಷರವನ್ನೂ ಮೋಡಿಯನ್ನೂ ನಿರಾಯಾಸವಾಗಿ ಓದಬಲ್ಲವರು ಕಲಬುರಗಿಯಲ್ಲಿ ಇನ್ನೂ ಕೆಲವರಿದ್ದಾರೆ. ಅವರಲ್ಲಿ ಬಹುಜನರು ವಯೋವೃದ್ಧರು.

2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೊಸ ಹೆಸರನ್ನಿಟ್ಟ ಸರಕಾರವು ಒಂದು ಕೆಲಸವನ್ನು ಮಾಡಬಹುದಾಗಿದೆ. ತಾರ್ನಾಕದಲ್ಲಿರುವ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕಾಗದಗಳ ಯಾದಿಯನ್ನು ಮಾಡಿಸಿ, ನಕಲುಗಳನ್ನು ಕಲಬುರಗಿಗೆ ತರಿಸಿ, ಹೆಸರು ಮತ್ತು ಊರುಗಳ ಸೂಚಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುವದು. ಇಲ್ಲಿಯ ವಿಶ್ವವಿದ್ಯಾಲಯವು ಇತಿಹಾಸದ ವಿದ್ಯಾರ್ಥಿಗಳಿಗೆ ಮೋಡಿ ಮತ್ತು ಶಿಕಸ್ತಗಳ ಓದನ್ನು ಕಲಿಸುವದು ಇದರ ಜೊತೆಗೇ ಆಗಬೇಕು, ಕಲಿಸಬಲ್ಲ ಹಿರಿಯರು ಇರುವಾಗಲೇ ಆಗಬೇಕು.

ಅಲ್ಲಿಯ ವರೆಗೆ ಮನೆಯಲ್ಲಿ ಹಳೆಯ ಕಾಗದವಿದ್ದವರಿಗೆ ಒಂದು ಸೂಚನೆ. ಮೂಲಪತ್ರವನ್ನು ವಕೀಲರಿಗಾಗಲಿ ದಲಾಲರಿಗಾಗಲಿ ಸಂಶೋಧಕರಿಗಾಗಲಿ ಕೊಡಬೇಡಿರಿ, ನಕಲನ್ನು ಕೊಡಿರಿ. ನಕಲು ತೆಗೆಯುವಾಗ ಕಾಗದದ ಬೆನ್ನನ್ನೂ ಬಿಡಬೇಡಿರಿ. ದಾಖಲಾದ ತಾರೀಖು, ಕಚೇರಿಯ ಹೆಸರು, ರುಜುಗಳು ಬಹಳ ಸಾರೆ ಹಿಂಬದಿಯಲ್ಲಿಯೇ ಇರುತ್ತವೆ. ಮೊಹರು ಮಸುಕಾಗಿದ್ದರೆ ಅದನ್ನು ಬೇರೆಯಾಗಿ ದೊಡ್ಡದು ಮಾಡಿ ತೆಗೆಯಿಸಿರಿ. ಅಧಿಕಾರಿಯ ಹೆಸರಿನೊಡನೆ ಹಿಜರಿ ವರುಷವನ್ನೂ ಮೊಹರಿನಲ್ಲಿ ಕೊರೆಯಿಸುವ ಪದ್ಧತಿಯಿತ್ತು.